ಮುಂದಿನ ಓಟಕ್ಕೆ ಎಷ್ಟು ಹೊತ್ತು?

ಒಂದು ದೂರವನ್ನು ಇಷ್ಟು ಹೊತ್ತಿನಲ್ಲಿ ಓಡಿದವರು ಅದಕ್ಕಿಂತ ಉದ್ದದ ಇನ್ನೊಂದು ದೂರವನ್ನು ಎಷ್ಟು ಹೊತ್ತಿನಲ್ಲಿ ಮುಗಿಸಬಲ್ಲರು ಎಂಬುದನ್ನು ಓಡುವ ಮೊದಲೇ ಲೆಕ್ಕ ಹಾಕಿ ಹೇಳಬಹುದು. ಈ ಲೆಕ್ಕಕ್ಕೆ ಬೇಕಾದದ್ದು ಮೂರು ಅಂಕಿ: ಇತ್ತೀಚೆಗೆ ಓಡಿದ ದೂರ, ಅದಕ್ಕೆ ಹಿಡಿದ ಸಮಯ, ಮುಂದೆ ಓಡಬೇಕಾದ ದೂರ. ಬೆಂಗಳೂರು, ಮುಂಬಯಿಗಳ ದೊಡ್ಡ ಓಟಗಳಿಗೆ ಹೋಗುವವರು ಇದನ್ನು ದಿನವೂ ಬಳಸುತ್ತಾರೆ. ಆದರೆ ಇದರಿಂದ ಹೆಚ್ಚು ಪ್ರಯೋಜನ ಆಗಬೇಕಾದದ್ದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಊರುಗಳಲ್ಲಿ ಪೊಲೀಸ್ ಮತ್ತು ಸೇನಾ ಭರ್ತಿಗಾಗಿ ನಸುಕಿನಲ್ಲಿ ಎದ್ದು ಓಡುವ ಯುವಕ ಯುವತಿಯರಿಗೆ. ಅವರ ಪಾಲಿಗೆ ಹತ್ತು ಸೆಕೆಂಡಿನ ಹೆಚ್ಚುಕಡಿಮೆ ಎಂದರೆ ಒಂದು ನೌಕರಿಯ ಹೆಚ್ಚುಕಡಿಮೆ.

ಮೊದಲಿಗೆ ಹೊಳೆಯುವುದು ನೇರ ತ್ರೈರಾಶಿ. ಐದು ಕಿಲೋಮೀಟರಿಗೆ 25 ನಿಮಿಷವಾದರೆ ಹತ್ತಕ್ಕೆ 50 ನಿಮಿಷ ಎಂದು ಶಾಲೆಯ ಗಣಿತ ಹೇಳುತ್ತದೆ. ಓಡಿ ನೋಡಿದರೆ 50 ನಿಮಿಷಕ್ಕೆ ಮುಗಿಯುವುದಿಲ್ಲ. ದೂರ ಹೆಚ್ಚಿದಂತೆ ದೇಹ ಅದೇ ವೇಗವನ್ನು ಕಾಯ್ದುಕೊಳ್ಳಲಾರದು. ಸ್ನಾಯು ದಣಿಯುತ್ತದೆ, ಮೈ ಕಾಯುತ್ತದೆ, ಇಂಧನ ಕರಗುತ್ತದೆ. ಹಾಗಾದರೆ ವೇಗ ಎಷ್ಟು ಇಳಿಯುತ್ತದೆ, ಆ ಇಳಿತಕ್ಕೆ ಒಂದು ಕ್ರಮ ಇದೆಯೇ ಎಂಬುದು ಪ್ರಶ್ನೆ.

ಇದಕ್ಕೆ ಗಣಿತದ ಉತ್ತರ ಹುಡುಕಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಆರ್ಥರ್ ಎಡ್ವಿನ್ ಕೆನೆಲ್ಲಿ. ಅವರು 1861ರಲ್ಲಿ ಹುಟ್ಟಿದ್ದು ಮುಂಬಯಿಯ ಕೊಲಾಬಾದಲ್ಲಿ. ಗದಗ, ಧಾರವಾಡಗಳೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿ. ಬಾನುಲಿ ಕೇಳುವವರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ. ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಹರಿಸಬಲ್ಲ ಒಂದು ಪದರವಿದ್ದು ಅದು ರೇಡಿಯೋ ಅಲೆಗಳನ್ನು ನೆಲಕ್ಕೆ ಮರಳಿಸುತ್ತದೆ ಎಂದು 1902ರಲ್ಲಿ ಸೂಚಿಸಿದವರು ಅವರೇ. ರಾತ್ರಿ ಹೊತ್ತು ಮಧ್ಯಮ ತರಂಗದಲ್ಲಿ ದೂರದೂರದ ಕೇಂದ್ರಗಳು ಕೇಳಿಸುವುದು ಮೇಲಿನ ಇಂಥ ಪದರಗಳಿಂದ. ಅದೇ ಕೆನೆಲ್ಲಿ 1906ರಲ್ಲಿ ಮನುಷ್ಯರ ಮತ್ತು ಕುದುರೆಗಳ ಓಟದ ದಾಖಲೆಗಳನ್ನು ಒಟ್ಟುಹಾಕಿ, ದೂರಕ್ಕೂ ಸಮಯಕ್ಕೂ ಇರುವ ನಂಟನ್ನು ಒಂದೇ ಸೂತ್ರದಲ್ಲಿ ಹಿಡಿದರು. ಸಮಯವು ದೂರದ ಒಂಬತ್ತು ಎಂಟಾಂಶ ಘಾತಕ್ಕೆ, ಅಂದರೆ 1.125ನೇ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದು ಅವರ ನಿಯಮ. ಅದರಂತೆ ದೂರ ಇಮ್ಮಡಿಯಾದರೆ ಸಮಯ 2.18 ಪಟ್ಟು. ಇಂದಿನ ಓಟಗಾರರಿಗೆ ಇದು ತುಸು ಹೆಚ್ಚೇ ಆಯಿತು. ಆದರೆ ಸೂತ್ರದ ಆಕಾರ ಸರಿಯಿತ್ತು.

ಎಪ್ಪತ್ತು ವರ್ಷಗಳ ನಂತರ ಆ ಘಾತಸಂಖ್ಯೆಯನ್ನು ತಿದ್ದಿದವರು ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್. 1977ರಲ್ಲಿ ಓಟಗಾರರ ಪತ್ರಿಕೆಯೊಂದರಲ್ಲಿ ಬರೆದದ್ದನ್ನೇ ಅವರು 1981ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ವಿಸ್ತರಿಸಿದರು. ಅವರ ಸೂತ್ರ ಹೀಗಿದೆ: ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಬೇಕು, ಬಂದ ಭಾಗಲಬ್ಧವನ್ನು 1.06ನೇ ಘಾತಕ್ಕೆ ಏರಿಸಬೇಕು. ಅದರಿಂದ ಹಳೆಯ ಸಮಯವನ್ನು ಗುಣಿಸಬೇಕು. ಘಾತ ಎಂದು ಹೆದರಬೇಕಾಗಿಲ್ಲ. ಮೊಬೈಲ್ ಫೋನಿನ ಕ್ಯಾಲ್ಕುಲೇಟರ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಅದೂ ಇಲ್ಲದಿದ್ದರೆ ಬಾಯಿಲೆಕ್ಕಕ್ಕೂ ದಾರಿಯಿದೆ. ದೂರ ಇಮ್ಮಡಿಯಾದಾಗ ಸಮಯವನ್ನು ಇಮ್ಮಡಿಸಿ, ಬಂದದ್ದಕ್ಕೆ ನೂರಕ್ಕೆ ನಾಲ್ಕೂಕಾಲರಂತೆ ಕೂಡಿಸಿದರೆ ಸಾಕು. 1500 ಮೀಟರನ್ನು ಐದು ನಿಮಿಷಕ್ಕೆ ಓಡುವ ಪ್ರೌಢಶಾಲೆಯ ಹುಡುಗನಿಗೆ 3000 ಮೀಟರಿಗೆ ಹತ್ತು ನಿಮಿಷ, ಅಂದರೆ 600 ಸೆಕೆಂಡ್. ಅದರ ನಾಲ್ಕೂಕಾಲು ಪ್ರತಿಶತ ಇಪ್ಪತ್ತೈದೂವರೆ ಸೆಕೆಂಡ್. ಒಟ್ಟು 10 ನಿಮಿಷ 25 ಸೆಕೆಂಡ್ ಚಿಲ್ಲರೆ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 1500 ಮೀಟರ್ ಗೆದ್ದವನನ್ನು ಜಿಲ್ಲಾ ಮಟ್ಟದಲ್ಲಿ 3000ಕ್ಕೂ ಇಳಿಸಬೇಕೇ ಎಂದು ಯೋಚಿಸುವ ದೈಹಿಕ ಶಿಕ್ಷಕರಿಗೆ ಇಷ್ಟು ಲೆಕ್ಕವೇ ಬಹಳ.

ಸೂತ್ರ ಎಷ್ಟು ನಂಬಿಕೆಗೆ ಅರ್ಹ ಎಂಬುದಕ್ಕೆ ಉಗಾಂಡಾದ ಜೋಶುವಾ ಚೆಪ್ಟೆಗೈ ಅವರ ಎರಡು ಓಟಗಳನ್ನು ನೋಡಬೇಕು. 2020ರ ಆಗಸ್ಟಿನಲ್ಲಿ ಮೊನಾಕೋದಲ್ಲಿ ಅವರು 5000 ಮೀಟರನ್ನು 12 ನಿಮಿಷ 35.36 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅಂದು ರೀಗಲ್ ಸೂತ್ರದಿಂದ 10,000 ಮೀಟರಿಗೆ ಲೆಕ್ಕ ಹಾಕಿದ್ದರೆ 26 ನಿಮಿಷ 15 ಸೆಕೆಂಡ್ ಎಂದು ಬರುತ್ತಿತ್ತು. ಅಕ್ಟೋಬರಿನಲ್ಲಿ ವೆಲೆನ್ಸಿಯಾದಲ್ಲಿ ಅವರು 10,000 ಮೀಟರಿನ ವಿಶ್ವದಾಖಲೆಯನ್ನೂ ಮುರಿದರು. ಹಿಡಿದ ಸಮಯ 26 ನಿಮಿಷ 11 ಸೆಕೆಂಡ್. ಹತ್ತು ಕಿಲೋಮೀಟರಿಗೆ ನಾಲ್ಕೇ ಸೆಕೆಂಡಿನ ಅಂತರ. ಒಬ್ಬನೇ ಓಟಗಾರ, ಒಂದೇ ಋತು, ಸಮತಟ್ಟಾದ ಅಳತೆಯ ಟ್ರ್ಯಾಕು, ಎರಡೂ ಕಡೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿದ ಓಟ: ಇವೆಲ್ಲ ಕೂಡಿಬಂದಾಗ ಸೂತ್ರ ಇಷ್ಟು ಹತ್ತಿರ ಬರುತ್ತದೆ.

ಈ ಲೆಕ್ಕ ಹಿಂದಿನ ಕಾಲವನ್ನೂ ಅಳೆಯಬಲ್ಲದು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತಾಪಿ ಹುಡುಗರನ್ನು ಕಂಡು ಸರ್ ದೊರಾಬ್ಜಿ ಟಾಟಾ ಅವರು ಭಾರತದಿಂದ ಒಂದು ತಂಡ ಕಳಿಸಬೇಕೆಂದು ಹೊರಟಿದ್ದರ ಫಲ ಅದು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಆದರೆ ಆಂಟ್ವರ್ಪ್‌ನ ದಾರಿ ಇಂದಿನ ಮ್ಯಾರಥಾನಿನ 42.195 ಕಿಲೋಮೀಟರ್ ಆಗಿರಲಿಲ್ಲ, 42.75 ಕಿಲೋಮೀಟರ್ ಇತ್ತು. ಅರ್ಧ ಕಿಲೋಮೀಟರಿಗೂ ಹೆಚ್ಚು ಓಡಿದ್ದನ್ನು ಸೂತ್ರದಲ್ಲಿಟ್ಟು ಕಳೆದರೆ ಅವರ ಓಟ ಇಂದಿನ ದೂರಕ್ಕೆ ಸುಮಾರು 2 ಗಂಟೆ 48 ನಿಮಿಷ 24 ಸೆಕೆಂಡಿಗೆ ಸಮನಾಗುತ್ತದೆ. ನೂರು ವರ್ಷಗಳ ಹಿಂದೆ, ಇಂದಿನ ಬೂಟುಗಳಾಗಲಿ ದಾರಿಯುದ್ದಕ್ಕೂ ಸಿಗುವ ಸಕ್ಕರೆ ಪಾನಕವಾಗಲಿ ಇಲ್ಲದ ದಿನಗಳಲ್ಲಿ ಓಡಿದ ಓಟ ಅದು. ಇಂದಿನ ಹವ್ಯಾಸಿ ಓಟಗಾರರಲ್ಲಿ ಮೂರು ಗಂಟೆಯೊಳಗೆ ಮುಗಿಸುವವರೇ ಬಹಳ ಕಡಿಮೆ. ಬೆಳಗಾವಿಯ ಆ ಮನುಷ್ಯನ ಹೆಸರು ಉತ್ತರ ಕರ್ನಾಟಕದ ಪ್ರತಿ ಕ್ರೀಡಾಂಗಣದಲ್ಲಿ ಇರಬೇಕಾದದ್ದು.

ಈಗ ಭರ್ತಿಯ ಮಾತು. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕೆಂಬ ನಿಯಮ ನಡೆದುಬಂದಿದೆ. ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಭರ್ತಿಯಲ್ಲಿ ಪುರುಷರಿಗೆ 5 ಕಿಲೋಮೀಟರ್, 24 ನಿಮಿಷ. ಒಂದೇ ವರ್ಷ ಎರಡಕ್ಕೂ ಅರ್ಜಿ ಹಾಕುವವರು ಈ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಒಂದರ ಸಿದ್ಧತೆ ಇನ್ನೊಂದಕ್ಕೆ ಸಾಕಾಗುತ್ತದೆಯೇ? 1600 ಮೀಟರಿನಿಂದ 5 ಕಿಲೋಮೀಟರಿಗೆ ಗುಣಕ 3.35 ಎಂದು ನೆನಪಿಟ್ಟರೆ ಸಾಕು. 6 ನಿಮಿಷ 30 ಸೆಕೆಂಡ್ ಎಂದರೆ 390 ಸೆಕೆಂಡ್. ಗುಣಿಸಿದರೆ ಹೆಚ್ಚುಕಡಿಮೆ 1305 ಸೆಕೆಂಡ್, ಅಂದರೆ 21 ನಿಮಿಷ 45 ಸೆಕೆಂಡ್. ರಾಜ್ಯದ ಪರೀಕ್ಷೆಯನ್ನು ಅಂಚಿನಲ್ಲಿ ದಾಟುವವನು, ಉದ್ದ ಓಟದ ಅಭ್ಯಾಸವೂ ಇದ್ದರೆ, ಕೇಂದ್ರದ ಪರೀಕ್ಷೆಯನ್ನು ಎರಡು ನಿಮಿಷ ಮಿಗಿಸಿ ದಾಟಬಲ್ಲ. ತಿರುಗಿಸಿ ನೋಡಿದರೆ ಚಿತ್ರ ಬೇರೆ. 5 ಕಿಲೋಮೀಟರನ್ನು ಸರಿಯಾಗಿ 24 ನಿಮಿಷಕ್ಕೆ ಮುಗಿಸುವವನಿಗೆ 1600 ಮೀಟರಿನ ಅಂದಾಜು 7 ನಿಮಿಷ 10 ಸೆಕೆಂಡ್. ಅಂದರೆ ಅವನು ಇನ್ನೂ 40 ಸೆಕೆಂಡ್ ಇಳಿಸಬೇಕು. ಎರಡು ಪರೀಕ್ಷೆಗಳಲ್ಲಿ ವೇಗದ ಮಟ್ಟಿಗೆ ಕಠಿಣವಾದದ್ದು ಚಿಕ್ಕ ದೂರದ್ದೇ ಎಂಬುದು ಬರಿಗಣ್ಣಿಗೆ ಕಾಣದ ಸಂಗತಿ. ಲೆಕ್ಕ ಅದನ್ನು ಎತ್ತಿ ತೋರಿಸುತ್ತದೆ. ಅಗ್ನಿವೀರ ಭರ್ತಿಯ 1.6 ಕಿಲೋಮೀಟರ್ ಓಟದಲ್ಲಿ ಪೂರ್ಣ ಅಂಕ ಸಿಗುತ್ತಾ ಬಂದಿರುವುದು ಐದೂವರೆ ನಿಮಿಷಕ್ಕೆ. ಅದು 5 ಕಿಲೋಮೀಟರಿಗೆ ಸುಮಾರು 18 ನಿಮಿಷ 24 ಸೆಕೆಂಡಿನ ಸಾಮರ್ಥ್ಯ. ನಿಯಮಗಳು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗಬಹುದಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿಕೊಳ್ಳಬೇಕು. ಗುಣಕ ಮಾತ್ರ ಬದಲಾಗುವುದಿಲ್ಲ.

ಯುವತಿಯರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ರಾಜ್ಯ ಪೊಲೀಸ್ ಪರೀಕ್ಷೆಯಲ್ಲಿ ಅವರಿಗೆ 400 ಮೀಟರ್, ಎರಡು ನಿಮಿಷ. ಕೇಂದ್ರದ ಪರೀಕ್ಷೆಯಲ್ಲಿ 1.6 ಕಿಲೋಮೀಟರ್, ಎಂಟೂವರೆ ನಿಮಿಷ. 400 ಮೀಟರಿನ ಸಮಯದಿಂದ 1.6 ಕಿಲೋಮೀಟರಿನ ಸಮಯವನ್ನು ಅಂದಾಜಿಸಬಾರದು. ರೀಗಲ್ ತಮ್ಮ ಸೂತ್ರ ಸಲ್ಲುವುದು ಮೂರೂವರೆ ನಿಮಿಷದಿಂದ 230 ನಿಮಿಷದವರೆಗಿನ ಓಟಗಳಿಗೆ ಎಂದು ಗೆರೆ ಎಳೆದಿದ್ದರು. ಓಟ ಚಿಕ್ಕದಾದಷ್ಟೂ ದೇಹ ಸ್ನಾಯುವಿನಲ್ಲೇ ಕೂಡಿಟ್ಟ ಶಕ್ತಿಯನ್ನು ಆಮ್ಲಜನಕಕ್ಕೆ ಕಾಯದೆ ಹೆಚ್ಚು ಬಳಸುತ್ತದೆ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿಗೂ 200 ಮೀಟರನ್ನು 19.19 ಸೆಕೆಂಡಿಗೂ ಓಡಿದರು. ದೂರ ಇಮ್ಮಡಿಯಾದರೂ ಸಮಯ ಇಮ್ಮಡಿಗಿಂತ ಹೆಚ್ಚಾದದ್ದು ಮೂರು ನೂರಾಂಶ ಸೆಕೆಂಡ್ ಮಾತ್ರ. ಸೂತ್ರದಂತೆ ಅದು 19.97 ಆಗಬೇಕಿತ್ತು. ಚಿಕ್ಕ ಓಟದ ನಿಯಮವೇ ಬೇರೆ. 1.6 ಕಿಲೋಮೀಟರಿಗೆ ಸಿದ್ಧವಾಗುವ ಯುವತಿ ತನ್ನ 800 ಅಥವಾ 1000 ಮೀಟರಿನ ಸಮಯವನ್ನು ಆಧಾರವಾಗಿ ಹಿಡಿಯುವುದು ಮೇಲು.

ಅಂದಾಜು ಎಷ್ಟು ಚೆನ್ನಾಗಿದ್ದರೂ ಅದು ನಿಂತಿರುವುದು ಮೊದಲ ಓಟದ ಅಳತೆಯ ಮೇಲೆ. ಹಳ್ಳಿಯ ಶಾಲಾ ಮೈದಾನದಲ್ಲಿ 400 ಮೀಟರಿನ ಸುತ್ತು ಹಿಡಿಸುವುದಿಲ್ಲ; 200 ಮೀಟರಿನ ಸುತ್ತನ್ನು ಹೆಜ್ಜೆಯಲ್ಲಿ ಅಳೆದು ಸುಣ್ಣ ಎಳೆದಿರುತ್ತಾರೆ. ಆ ಸುತ್ತು ಐದು ಮೀಟರ್ ಕಡಿಮೆ ಬಿದ್ದರೆ ಎಂಟು ಸುತ್ತಿಗೆ 40 ಮೀಟರ್ ಕಡಿಮೆ. ಆರೂವರೆ ನಿಮಿಷದ ವೇಗದಲ್ಲಿ 40 ಮೀಟರ್ ಎಂದರೆ ಸುಮಾರು ಹತ್ತು ಸೆಕೆಂಡ್. ಊರಿನಲ್ಲಿ 6 ನಿಮಿಷ 25 ಸೆಕೆಂಡ್ ಓಡುತ್ತಿದ್ದೆನೆಂದು ಧೈರ್ಯವಾಗಿ ಹೋದವನು ಜಿಲ್ಲಾ ಕೇಂದ್ರದ ಪರೇಡ್ ಮೈದಾನದಲ್ಲಿ ಐದು ಸೆಕೆಂಡಿನಿಂದ ಸೋಲುವುದು ಹೀಗೆ. ಅದೇ ತಪ್ಪನ್ನು 5 ಕಿಲೋಮೀಟರಿನ ಅಂದಾಜಿಗೆ ಒಯ್ದರೆ ಅರ್ಧ ನಿಮಿಷಕ್ಕೂ ಮೀರುತ್ತದೆ. ಕೈಗಡಿಯಾರದ ಜಿಪಿಎಸ್ ಕೂಡ ಈ ಕೆಲಸಕ್ಕೆ ಪೂರ್ತಿ ನೆಚ್ಚಿಕೆಗೆ ತಕ್ಕುದಲ್ಲ, ಅದರಲ್ಲೂ ತಿರುವುಗಳಿರುವ ಚಿಕ್ಕ ಸುತ್ತಿನಲ್ಲಿ. ದಾರಿ ಓಟಗಳಲ್ಲಿ ದೂರವನ್ನು ಅಳೆಯುವುದು ಚಕ್ರದ ಸುತ್ತುಗಳನ್ನು ಎಣಿಸುವ ಉಪಕರಣ ಕಟ್ಟಿದ ಸೈಕಲ್ಲಿನಿಂದ. ದಾರಿ ಎಲ್ಲಿಯೂ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಷ್ಟು, ಅಂದರೆ ಕಿಲೋಮೀಟರಿಗೆ ಒಂದು ಮೀಟರ್, ಬೇಕೆಂದೇ ಹೆಚ್ಚಿಗೆ ಸೇರಿಸುತ್ತಾರೆ. ರೀಗಲ್ ಅವರು ಓಟದ ದಾರಿ ಅಳೆಯುವ ಈ ವಿದ್ಯೆಯಲ್ಲೂ ವರ್ಷಗಟ್ಟಲೆ ದುಡಿದವರು ಎಂಬುದು ಆಕಸ್ಮಿಕವಲ್ಲ. ದೂರ ಸುಳ್ಳಾದರೆ ಸೂತ್ರವೂ ಸುಳ್ಳು ಎಂದು ಅವರು ಅರಿತಿದ್ದರು.

ನೆಲ, ಗಾಳಿ, ಬಿಸಿಲು ಮೂರೂ ಲೆಕ್ಕದೊಳಗೆ ಬರುವುದಿಲ್ಲ. ಅವನ್ನು ಓಟಗಾರರೇ ತೂಗಬೇಕು. ಕಪ್ಪತಗುಡ್ಡದ ಏರುದಾರಿಯಲ್ಲಿ ಓಡಿದ ಐದು ಕಿಲೋಮೀಟರಿನಿಂದ ಬಯಲಿನ ಹತ್ತು ಕಿಲೋಮೀಟರನ್ನು ಅಳೆಯಲಾಗದು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವ ಸೀಮೆ ಇದು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸುವಾಗ ಹೋಗುವಾಗ ಎದುರು, ಬರುವಾಗ ಬೆನ್ನಿಗೆ, ಸಮನಾಯಿತು ಎಂದು ತಿಳಿಯುವುದು ತಪ್ಪು: ಎದುರುಗಾಳಿ ಕಸಿದುಕೊಂಡಷ್ಟನ್ನು ಬೆನ್ನಗಾಳಿ ಮರಳಿ ಕೊಡುವುದಿಲ್ಲ. ಡಿಸೆಂಬರಿನ ತಂಪಿನಲ್ಲಿ ಬಂದ ಸಮಯವನ್ನು ಏಪ್ರಿಲ್ಲಿನ ಬಿಸಿಲಿಗೆ ಒಯ್ಯಬಾರದು. ಓಡುವ ದೇಹದ ರಕ್ತಕ್ಕೆ ಎರಡು ಕೆಲಸ, ಸ್ನಾಯುವಿಗೆ ಆಮ್ಲಜನಕ ಒಯ್ಯುವುದು ಮತ್ತು ಚರ್ಮದ ಮೂಲಕ ಕಾವು ಹೊರಹಾಕುವುದು. ಸೆಕೆಯಲ್ಲಿ ಎರಡನೆಯದಕ್ಕೆ ಹೆಚ್ಚು ರಕ್ತ ಹೋಗಿ ಮೊದಲನೆಯದಕ್ಕೆ ಕಡಿಮೆ ಬೀಳುತ್ತದೆ. ಇನ್ನು ಮೊದಲ ಓಟ ಇತ್ತೀಚಿನದಾಗಿರಬೇಕು, ಒಂದೂವರೆ ತಿಂಗಳ ಒಳಗಿನದಾದರೆ ಒಳ್ಳೆಯದು. ಕಾಯ್ದುಕೊಂಡು ಓಡಿದ್ದಾಗಿರದೆ ಪೂರ್ತಿ ದಮ್ಮು ಹಾಕಿ ಓಡಿದ್ದಾಗಿರಬೇಕು. ದೊಡ್ಡ ಓಟಗಳಲ್ಲಿ ಗುಂಡಿನ ಶಬ್ದದಿಂದ ಲೆಕ್ಕ ಹಿಡಿದ ಸಮಯ ಬೇರೆ, ಓಟಗಾರ ಆರಂಭದ ಗೆರೆ ದಾಟಿದಾಗಿನಿಂದ ಎದೆಪಟ್ಟಿಯ ಚಿಪ್ ಎಣಿಸಿದ ಸಮಯ ಬೇರೆ. ಅಂದಾಜಿಗೆ ಬೇಕಾದದ್ದು ಚಿಪ್ಪಿನ ಸಮಯ.

ದೂರ ಹೆಚ್ಚಿದಷ್ಟೂ ಅಂದಾಜು ಸಡಿಲವಾಗುತ್ತದೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವಿಶ್ವ 10ಕೆ ಓಟವನ್ನು ಒಬ್ಬರು 50 ನಿಮಿಷಕ್ಕೆ ಮುಗಿಸಿದರು ಎನ್ನೋಣ. ಹಾಫ್ ಮ್ಯಾರಥಾನ್, ಅಂದರೆ 21.0975 ಕಿಲೋಮೀಟರಿಗೆ ಗುಣಕ 2.206; ಅಂದಾಜು 1 ಗಂಟೆ 50 ನಿಮಿಷ 19 ಸೆಕೆಂಡ್. ಪೂರ್ಣ ಮ್ಯಾರಥಾನಿಗೆ ಗುಣಕ 4.6, ಅಂದಾಜು 3 ಗಂಟೆ 50 ನಿಮಿಷ. ನಿಮಿಷದಲ್ಲಿ ಹೇಳುವುದಾದರೆ ಸರಿಯಾಗಿ 230. ರೀಗಲ್ ಎಳೆದ ಗೆರೆ ಅದೇ. ಹತ್ತು ಕಿಲೋಮೀಟರಿಗೆ 50 ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಎಲ್ಲರಿಗೂ ಮ್ಯಾರಥಾನಿನ ಮಟ್ಟಿಗೆ ಈ ಸೂತ್ರ ತನ್ನ ಎಲ್ಲೆ ದಾಟಿ ಮಾತಾಡುತ್ತದೆ, ಮತ್ತು ಹವ್ಯಾಸಿ ಓಟಗಾರರಲ್ಲಿ ಬಹುಪಾಲು ಜನ ಅಂಥವರೇ. 2016ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಎಮಿಲಿ ವರ್ಟೋಸಿಕ್ ಹವ್ಯಾಸಿಗಳ ಸಮಯಗಳನ್ನು ಕಲೆಹಾಕಿ ಪರಿಶೀಲಿಸಿದಾಗ ಹಾಫ್ ಮ್ಯಾರಥಾನಿನವರೆಗೆ ಸೂತ್ರ ಚೆನ್ನಾಗಿ ನಿಂತಿತು. ಪೂರ್ಣ ಮ್ಯಾರಥಾನಿನಲ್ಲಿ ಮಾತ್ರ ಅರ್ಧದಷ್ಟು ಓಟಗಾರರಿಗೆ ಅದು ಹೇಳಿದ್ದಕ್ಕಿಂತ ಹತ್ತು ನಿಮಿಷ ಅಥವಾ ಇನ್ನೂ ಹೆಚ್ಚು ಹಿಡಿದಿತ್ತು.

ಇದಕ್ಕೆ ಕಾರಣ ಇಂಧನದ ಲೆಕ್ಕ. ಒಂದು ಕಿಲೋಮೀಟರ್ ಓಡಲು ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 60 ಕಿಲೋ ತೂಗುವವರಿಗೆ ಮ್ಯಾರಥಾನ್ ಪೂರೈಸಲು 2500 ಬೇಕಾದರೆ, ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟದ್ದು ಹೆಚ್ಚುಕಡಿಮೆ 2000. ಕೊರತೆಯನ್ನು ಕೊಬ್ಬು ತುಂಬಬೇಕು. ಕೊಬ್ಬು ನಿಧಾನಕ್ಕೆ ಉರಿಯುತ್ತದೆ. ವಾರವಾರವೂ ಉದ್ದ ದೂರ ಓಡಿ ಪಳಗಿದ ದೇಹ ಮೊದಲಿನಿಂದಲೇ ಕೊಬ್ಬನ್ನು ಬಳಸುತ್ತ ಗ್ಲೈಕೋಜನ್ ಉಳಿಸುತ್ತದೆ. ಪಳಗದ ದೇಹಕ್ಕೆ 30 ಕಿಲೋಮೀಟರ್ ದಾಟುವ ಹೊತ್ತಿಗೆ ಕಾಲು ಎತ್ತಲಾಗುವುದಿಲ್ಲ. ಲಕ್ಷ್ಮೇಶ್ವರದಿಂದ ಗದಗಕ್ಕೆ ಸುಮಾರು 40 ಕಿಲೋಮೀಟರ್. ಇಡೀ ದಾರಿಯನ್ನು ಓಡಿ ಇನ್ನೂ ಎರಡು ಕಿಲೋಮೀಟರ್ ಸೇರಿಸಿದರೆ ಒಂದು ಮ್ಯಾರಥಾನ್. ಹತ್ತು ಕಿಲೋಮೀಟರಿನ ಸಮಯ 30 ದಾಟಿದ ಮೇಲಿನ ಕೊನೆಯ ಹನ್ನೆರಡು ಕಿಲೋಮೀಟರಿನ ಬಗ್ಗೆ ಏನನ್ನೂ ಹೇಳಲಾರದು. ಅದನ್ನು ಹೇಳುವುದು ವಾರಕ್ಕೆ ಎಷ್ಟು ಓಡಲಾಗಿದೆ ಎಂಬ ಲೆಕ್ಕ. ವಿಕರ್ಸ್ ಮತ್ತು ವರ್ಟೋಸಿಕ್ ತಮ್ಮ ಹೊಸ ಅಂದಾಜಿನಲ್ಲಿ ವಾರದ ಓಟದ ದೂರವನ್ನೂ ಸೇರಿಸಿಕೊಂಡದ್ದು ಈ ಕಾರಣಕ್ಕೆ.

ಎರಡು ಓಟಗಳ ಸಮಯ ಕೈಯಲ್ಲಿದ್ದರೆ 1.06 ಎಂಬ ಎಲ್ಲರ ಘಾತವನ್ನು ಬಿಟ್ಟು ತನ್ನದೇ ಘಾತವನ್ನು ಕಂಡುಕೊಳ್ಳಬಹುದು. 5 ಕಿಲೋಮೀಟರನ್ನು 24 ನಿಮಿಷಕ್ಕೂ 10 ಕಿಲೋಮೀಟರನ್ನು 51 ನಿಮಿಷಕ್ಕೂ ಓಡಿದವರಲ್ಲಿ ಸಮಯದ ಅನುಪಾತ 2.125. ಲಾಗರಿದಮ್ ಬಳಸಿ ಬಿಡಿಸಿದರೆ ಘಾತ ಸುಮಾರು 1.0875. ಇವರ ವೇಗ ದೂರದೊಂದಿಗೆ ಸಾಮಾನ್ಯಕ್ಕಿಂತ ಬೇಗ ಇಳಿಯುತ್ತದೆ ಎಂದರ್ಥ. 1.06 ಹಿಡಿದರೆ ಇವರ ಹಾಫ್ ಮ್ಯಾರಥಾನ್ 1 ಗಂಟೆ 52 ನಿಮಿಷ 32 ಸೆಕೆಂಡ್. ಸ್ವಂತ ಘಾತ ಹಿಡಿದರೆ 1 ಗಂಟೆ 54 ನಿಮಿಷ 52 ಸೆಕೆಂಡ್. ಪೂರ್ಣ ಮ್ಯಾರಥಾನಿಗೆ ಒಂದು ಲೆಕ್ಕ ಸುಮಾರು 3 ಗಂಟೆ 55 ನಿಮಿಷ ಎಂದರೆ ಇನ್ನೊಂದು 4 ಗಂಟೆ 4 ನಿಮಿಷ ಎನ್ನುತ್ತದೆ. ಎರಡನೆಯದನ್ನೇ ನಂಬುವುದು ಜಾಣತನ. ಅಮೆರಿಕದ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಮತ್ತು ಜಿಮ್ಮಿ ಗಿಲ್ಬರ್ಟ್ 1979ರಲ್ಲಿ ಆಮ್ಲಜನಕ ಬಳಕೆಯ ಆಧಾರದ ಮೇಲೆ ಬೇರೆಯದೇ ಕೋಷ್ಟಕ ಕಟ್ಟಿದರು. ಅವರ ಕೋಷ್ಟಕದಲ್ಲಿ 5 ಕಿಲೋಮೀಟರನ್ನು 19 ನಿಮಿಷ 57 ಸೆಕೆಂಡಿಗೆ ಓಡುವವರ ಮ್ಯಾರಥಾನ್ 3 ಗಂಟೆ 10 ನಿಮಿಷ 49 ಸೆಕೆಂಡ್. ರೀಗಲ್ ಸೂತ್ರದಲ್ಲಿ 3 ಗಂಟೆ 11 ನಿಮಿಷ 20 ಸೆಕೆಂಡ್. ಎರಡು ಬೇರೆ ದಾರಿಗಳು ಒಂದೇ ಊರಿಗೆ ಬಂದವು. ಆದರೆ ಎರಡೂ ಓಟಗಾರ ಆ ದೂರಕ್ಕೆ ತಕ್ಕ ಅಭ್ಯಾಸ ಮಾಡಿದ್ದಾನೆ ಎಂದೇ ಭಾವಿಸುತ್ತವೆ.

ಅಂದಾಜಿನ ನಿಜವಾದ ಉಪಯೋಗ ಓಟದ ಮೊದಲ ಕೆಲವು ನಿಮಿಷಗಳಲ್ಲಿದೆ. ಭರ್ತಿಯ ಮೈದಾನದಲ್ಲಿ ಸೀಟಿ ಊದಿದ ಕೂಡಲೇ ಗುಂಪು ನುಗ್ಗುತ್ತದೆ. ಮೊದಲ ಸುತ್ತನ್ನು 75 ಸೆಕೆಂಡಿಗೆ ಓಡಿದವರು ಮೂರನೆಯ ಸುತ್ತಿನಲ್ಲಿ ನಡೆಯತೊಡಗುತ್ತಾರೆ. ಆರೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ 400 ಮೀಟರಿನ ಪ್ರತಿ ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಐದೂವರೆ ನಿಮಿಷಕ್ಕೆ ಎಂಬತ್ತೆರಡೂವರೆ. 24 ನಿಮಿಷದ 5 ಕಿಲೋಮೀಟರಿಗೆ 115 ಸೆಕೆಂಡ್. ತನ್ನ ಇತ್ತೀಚಿನ ಓಟ ಎಷ್ಟು ವೇಗವನ್ನು ತಾಳಬಲ್ಲದು ಎಂದು ತಿಳಿದವರು ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದರೂ ಗಾಬರಿಯಾಗುವುದಿಲ್ಲ. ಬೆಂಗಳೂರು, ಮುಂಬಯಿಗಳ ಓಟಗಳಲ್ಲಿ ಹಿಂದಿನ ಸಮಯದ ಪ್ರಮಾಣಪತ್ರ ಕೇಳಿ ಅದಕ್ಕೆ ತಕ್ಕ ಸಾಲಿನಲ್ಲಿ ನಿಲ್ಲಿಸುವುದರ ಹಿಂದೆಯೂ ಇದೇ ತಿಳುವಳಿಕೆ ಇದೆ.

ಈ ಸೀಮೆಯ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಎರಡು ಕೋರಿಕೆ. ಮೈದಾನದ ಸುತ್ತನ್ನು ಹೆಜ್ಜೆಯಿಂದ ಅಳೆಯುವುದನ್ನು ಬಿಟ್ಟು ಉಕ್ಕಿನ ಟೇಪಿನಿಂದ ಒಮ್ಮೆ ಅಳೆದು, ಮೂಲೆಗಳಲ್ಲಿ ಗೂಟ ನೆಟ್ಟು, ನಿಜವಾದ ದೂರವನ್ನು ಗೋಡೆಯ ಮೇಲೆ ಬರೆಸಿ. ನಸುಕಿನಲ್ಲಿ ಓಡಲು ಬರುವವರ ಕೈಗೆ ಒಂದೊಂದು ನೋಟುಬುಕ್ಕು ಕೊಟ್ಟು ತಾರೀಖು, ದೂರ, ಸಮಯ, ಗಾಳಿ ಬಿಸಿಲಿನ ಸ್ಥಿತಿ ಇವಿಷ್ಟನ್ನು ಬರೆದಿಡಲು ಹೇಳಿ. ಭರ್ತಿಯ ದಿನಕ್ಕೆ ಆರು ವಾರ ಮೊದಲು ಆ ಪುಟ ತೆರೆದು ಲೆಕ್ಕ ಹಾಕಿದರೆ, ಇನ್ನೆಷ್ಟು ಸೆಕೆಂಡ್ ಇಳಿಸಬೇಕು ಎಂಬುದು ಇಳಿಸಲು ಸಮಯವಿರುವಾಗಲೇ ಅವರಿಗೆ ತಿಳಿಯುತ್ತದೆ.